ಒಂದು ಪಾನಗೃಹದ ಬಾಡಿಗೆಯೂ ಸ್ನಾಯುವಿನ ಚರಿತ್ರೆಯೂ

ಲಂಡನ್ ನಗರದ ಸೇಂಟ್ ಪಾಲ್ ದೇವಾಲಯದ ದಕ್ಷಿಣಕ್ಕೆ, ಥೇಮ್ಸ್ ನದಿಯ ಕಡೆಗೆ ಇಳಿಯುವ ಬೀದಿಗಳ ನಡುವೆ, ಓಲ್ಡ್ ಫಿಶ್ ಸ್ಟ್ರೀಟ್ ಎಂಬ ಹಳೆಯ ಮೀನುಪೇಟೆಯ ಬೀದಿಯೂ ಲ್ಯಾಂಬೆತ್ ಹಿಲ್ ಎಂಬ ಇಳಿಜಾರಿನ ಬೀದಿಯೂ ಕೂಡುವ ಮೂಲೆಯಲ್ಲಿ, ಹದಿನೇಳನೆಯ ಶತಮಾನದ ಕೊನೆಯ ಹೊತ್ತಿಗೆ ‘ಕಿಂಗ್ಸ್ ಹೆಡ್’ ಎಂಬ ಹೆಸರಿನ ಪಾನಗೃಹವೊಂದಿದ್ದಿತು. ಅಲ್ಲಿ ಬಂದುಹೋದವರ ಹೆಸರುಗಳಿಂದ ನಮಗೆ ಆಗಬೇಕಾದುದೇನೂ ಇಲ್ಲ. ಆದರೆ ಆ ಮನೆಯಿಂದ ಬರುತ್ತಿದ್ದ ಬಾಡಿಗೆಯ ಹಣ, ಮನುಷ್ಯನು ತನ್ನ ಮೈಯ ಮಾಂಸವೆಂಬುದು ಏನು, ಅದು ಹೇಗೆ ಚಲಿಸುತ್ತದೆ ಎಂಬುದನ್ನು ಅರಿತುಕೊಂಡ ದೀರ್ಘವಾದ ಕಥೆಯೊಡನೆ ಅಳಿಸಲಾಗದಂತೆ ಬೆರೆತುಹೋಗಿದೆ. ಲೇಡಿ ಮೇರಿ ಸ್ಯಾಡ್ಲೇರ್ ಎಂಬಾಕೆ 1701ರಲ್ಲಿ ಬರೆಯಿಸಿದ ಉಯಿಲಿನಲ್ಲಿ, ಆ ಪಾನಗೃಹದ ನಿವ್ವಳ ಬಾಡಿಗೆಯನ್ನು ಐದು ಪಾಲು ಮಾಡಿ, ನಾಲ್ಕು ಪಾಲನ್ನು ಲಂಡನ್ನಿನ ವೈದ್ಯರ ಕಾಲೇಜಿಗೂ ಉಳಿದ ಒಂದು ಪಾಲನ್ನು ರಾಯಲ್ ಸೊಸೈಟಿಗೂ ಸಲ್ಲಿಸತಕ್ಕದ್ದೆಂದೂ, ಸೊಸೈಟಿಗೆ ಸಂದ ಪಾಲಿನಿಂದ ದೇಹದ ಚಲನೆಯನ್ನು ಕುರಿತು ಒಂದು ಉಪನ್ಯಾಸವೂ ಅದನ್ನು ತೋರಿಸಿಕೊಡುವ ಒಂದು ಪ್ರಯೋಗವೂ ನಡೆಯತಕ್ಕದ್ದೆಂದೂ ನಿರ್ದೇಶಿಸಲ್ಪಟ್ಟಿದ್ದಿತು.

ದೇವರ ಸನ್ನಿಧಿಯಲ್ಲಿ ನಂದಾದೀಪ ಉರಿಯುತ್ತಿರಲೆಂದು ಇಂತಿಷ್ಟು ಗದ್ದೆಯ, ಇಂತಿಷ್ಟು ತೋಟದ ಆದಾಯವನ್ನು ಬಿಟ್ಟುಕೊಟ್ಟ ದಾನಶಾಸನಗಳನ್ನು ನಮ್ಮ ನಾಡಿನ ಗುಡಿಗಳ ಅಂಗಳದಲ್ಲಿ ಓದಿ ಬಲ್ಲವರಿಗೆ ಈ ದತ್ತಿಯ ಸ್ವರೂಪ ಅಪರಿಚಿತವೆನಿಸದು. ದಾನಿಯು ಅಳಿದರೂ ಎಣ್ಣೆ ತೀರದಂತೆ ನೋಡಿಕೊಳ್ಳುವ ಏರ್ಪಾಡು ಅದು. ಲೇಡಿ ಸ್ಯಾಡ್ಲೇರಳು ಉರಿಯಬಿಟ್ಟದ್ದು ಒಂದು ಪ್ರಶ್ನೆಯನ್ನು. ಮತ್ತು ಆ ಪ್ರಶ್ನೆ ಆಕೆಯದಲ್ಲ, 1684ರಲ್ಲಿ ತೀರಿಕೊಂಡ ಆಕೆಯ ಮೊದಲನೆಯ ಪತಿ ವಿಲಿಯಂ ಕ್ರೂನನದು. ಆತನು ಇಂತಹ ಉಪನ್ಯಾಸಗಳ ಯೋಜನೆಯನ್ನು ಬರೆದಿಟ್ಟಿದ್ದನೇ ಹೊರತು ಅದಕ್ಕೆ ಹಣವನ್ನು ಗೊತ್ತುಮಾಡಿರಲಿಲ್ಲ. ವಿಧವೆಯಾಗಿ, ಸರ್ ಎಡ್ವಿನ್ ಸ್ಯಾಡ್ಲೇರನನ್ನು ಮರುಮದುವೆಯಾದ ಮೇಲೆಯೂ ಆಕೆ ಮೊದಲಿನ ಗಂಡನ ಇಚ್ಛೆಯನ್ನು ಮರೆಯಲಿಲ್ಲ. ಅದೇ ಉಯಿಲಿನಲ್ಲಿ ಆಕೆ ಕೇಂಬ್ರಿಜಿನ ಕಾಲೇಜುಗಳಲ್ಲಿ ಬೀಜಗಣಿತದ ಬೋಧನೆಗೂ ಹಣವನ್ನಿಟ್ಟಳು. ಆ ದತ್ತಿಯಿಂದ ಹುಟ್ಟಿದ ಸ್ಯಾಡ್ಲೇರಿಯನ್ ಪೀಠದಲ್ಲಿ 1931ರಿಂದ ಹನ್ನೊಂದು ವರ್ಷ ಕುಳಿತಿದ್ದವನು ನಮ್ಮ ಶ್ರೀನಿವಾಸ ರಾಮಾನುಜನ್ ಅವರನ್ನು ಗುರುತಿಸಿ ಕರೆಯಿಸಿಕೊಂಡ ಹಾರ್ಡಿ ಎಂಬುದನ್ನು ಇಲ್ಲಿ ನೆನೆಯದೆ ಮುಂದೆ ಹೋಗಲು ಮನಸ್ಸು ಬಾರದು. ಒಬ್ಬ ಹೆಂಗಸಿನ ನಿಷ್ಠೆಯಿಂದ ಎರಡು ಶಾಸ್ತ್ರಗಳು ಅನ್ನವುಂಡವು.

ಕ್ರೂನನು ಲಂಡನ್ನಿನಲ್ಲಿ 1633ರಲ್ಲಿ ಹುಟ್ಟಿದವನು, ವೃತ್ತಿಯಿಂದ ವೈದ್ಯನು, ಗ್ರೆಷಾಮ್ ಕಾಲೇಜಿನಲ್ಲಿ ಅಲಂಕಾರಶಾಸ್ತ್ರದ ಪ್ರಾಧ್ಯಾಪಕನೂ ಆಗಿದ್ದನು. 1660ರಲ್ಲಿ ರಾಯಲ್ ಸೊಸೈಟಿ ಮೊಳೆಯುತ್ತಿದ್ದಾಗ ಅದರ ದಾಖಲೆಗಳನ್ನು ಬರೆದಿಡುವ ಕೆಲಸ ಮೊತ್ತಮೊದಲು ಬಿದ್ದದ್ದು ಅವನ ಪಾಲಿಗೆ. 1664ರಲ್ಲಿ ಅವನು ಸ್ನಾಯುಚಲನೆಯ ಕಾರಣವನ್ನು ಕುರಿತು ಲ್ಯಾಟಿನ್ ಭಾಷೆಯಲ್ಲಿ ಒಂದು ಚಿಕ್ಕ ಗ್ರಂಥವನ್ನು ತನ್ನ ಹೆಸರನ್ನು ಹಾಕದೆ ಪ್ರಕಟಿಸಿದನು. ನರಗಳ ಮೂಲಕ ಇಳಿದುಬರುವ ಒಂದು ರಸವು ಸ್ನಾಯುವಿನೊಳಗಿನ ರಕ್ತದೊಡನೆ ಕೂಡಿದಾಗ ಒಂದು ಬಗೆಯ ಕುದಿತವುಂಟಾಗಿ, ಸ್ನಾಯು ಉಬ್ಬಿ, ಉಬ್ಬಿದ್ದರಿಂದಲೇ ಉದ್ದದಲ್ಲಿ ಕುಗ್ಗಿ, ಎಲುಬನ್ನು ಎಳೆಯುತ್ತದೆಂಬುದು ಅಲ್ಲಿನ ವಾದ. ಮುಂದೆ ಅವನು ಇದನ್ನು ಇನ್ನಷ್ಟು ಸೂಕ್ಷ್ಮಗೊಳಿಸಿ, ಸ್ನಾಯುವಿನ ಒಂದೊಂದು ಎಳೆಯೂ ಒಂದರ ತುದಿಗೊಂದು ಕೂಡಿಕೊಂಡ ಅಣುಪ್ರಮಾಣದ ಕೋಶಗಳ ಸಾಲು ಎಂದು ಕಲ್ಪಿಸಿದನು. ಅವನ ಉತ್ತರಗಳೆರಡೂ ನಿಲ್ಲಲಿಲ್ಲ. ನಿಂತದ್ದು ಪ್ರಶ್ನೆ: ಸ್ನಾಯುವಿನ ರಚನೆ ಎಂತಹುದು, ಮತ್ತು ಆ ರಚನೆಯಿಂದ ಚಲನೆ ಹುಟ್ಟುವ ಬಗೆ ಯಾವುದು?

ಆ ಕಾಲಕ್ಕೆ ಈ ವಿಷಯದಲ್ಲಿ ಲೋಕಕ್ಕೆ ಏನು ತಿಳಿದಿದ್ದಿತೆಂಬುದನ್ನು ನೋಡಬೇಕು. ಸ್ನಾಯುಗಳ ಎಣಿಕೆ ಬಹು ಪ್ರಾಚೀನವಾದುದು. ನಮ್ಮ ಸುಶ್ರುತಸಂಹಿತೆಯ ಶಾರೀರಸ್ಥಾನದಲ್ಲಿ ದೇಹದ ಪೇಶಿಗಳು 500 ಎಂದು ಹೇಳಿ, ಕೈಕಾಲುಗಳಲ್ಲಿ 400, ಮುಂಡದಲ್ಲಿ 66, ಕೊರಳು ಮತ್ತು ಅದರ ಮೇಲಕ್ಕೆ 34 ಎಂದು ಪಾಲುಮಾಡಿದೆ; ದಪ್ಪ, ತೆಳು, ದುಂಡು, ಉದ್ದ, ಮೃದು, ಕರ್ಕಶ ಎಂದು ಅವುಗಳ ಆಕಾರಭೇದಗಳನ್ನೂ ಹೆಸರಿಸಿದೆ. ಹರಿಯುವ ನೀರಿನಲ್ಲಿ ಏಳು ರಾತ್ರಿ ಮುಳುಗಿಸಿಟ್ಟ ಶವವನ್ನು ಹೊರತೆಗೆದು, ಲಾವಂಚದ ಬೇರಿನ ಅಥವಾ ಬಿದಿರಿನ ಕುಂಚದಿಂದ ಮೆಲ್ಲಮೆಲ್ಲನೆ ಉಜ್ಜುತ್ತ ಪದರ ಪದರವಾಗಿ ಕಣ್ಣಾರೆ ಕಾಣಬೇಕೆಂದು ಅದರಲ್ಲಿ ವಿಧಿಸಿರುವ ಕ್ರಮವನ್ನು ಓದಿದಾಗ, ಆ ಪೂರ್ವಿಕರ ತಾಳ್ಮೆಗೆ ತಲೆ ತಾನಾಗಿ ಬಾಗುತ್ತದೆ. ಪಶ್ಚಿಮದಲ್ಲಿ, ಕ್ರಿಸ್ತಶಕ ಎರಡನೆಯ ಶತಮಾನದ ಗೇಲನ್, ಪೆರ್ಗಮಮ್ ನಗರದ ಖಡ್ಗಮಲ್ಲರ ಗಾಯಗಳಿಗೆ ಚಿಕಿತ್ಸೆ ಮಾಡುತ್ತಲೂ ಕಪಿಗಳ ದೇಹಗಳನ್ನು ಛೇದಿಸುತ್ತಲೂ ಸ್ನಾಯುಗಳ ವಿಷಯದಲ್ಲಿ ಒಂದು ದೊಡ್ಡ ಸತ್ಯವನ್ನು ಕಂಡುಕೊಂಡನು: ಸ್ನಾಯುವು ಮಾಡಬಲ್ಲ ಕೆಲಸ ಸಂಕೋಚನವೊಂದೇ, ತಾನಾಗಿ ನೀಳಗೊಳ್ಳುವ ಶಕ್ತಿ ಅದಕ್ಕಿಲ್ಲ, ತೋಳನ್ನು ಮಡಿಸುವ ಸ್ನಾಯುವಿಗೆ ಎದುರಾಗಿ ಅದನ್ನು ಚಾಚುವ ಮತ್ತೊಂದು ಸ್ನಾಯು ಇರಲೇಬೇಕು. 1543ರಲ್ಲಿ ಪಡುವಾ ನಗರದ ವೆಸಾಲಿಯಸ್ ಪ್ರಕಟಿಸಿದ ಮಹಾಗ್ರಂಥದ ಚಿತ್ರಗಳಲ್ಲಿ, ಚರ್ಮವನ್ನು ಕಳಚಿದ ಪುರುಷಾಕೃತಿಗಳು ಬೆಟ್ಟ ಹೊಲಗಳ ಹಿನ್ನೆಲೆಯಲ್ಲಿ ನಿಂತು, ಪುಟದಿಂದ ಪುಟಕ್ಕೆ ಒಂದೊಂದು ಪದರ ಸ್ನಾಯುವನ್ನು ಕಳೆದುಕೊಳ್ಳುತ್ತ ಹೋಗುತ್ತವೆ. ಹೆಸರು, ಸ್ಥಾನ, ಆಕಾರ ಇವೆಲ್ಲ ಹೀಗೆ ಗೊತ್ತಾಗಿದ್ದರೂ ಒಂದು ಹಿಡಿ ಮಾಂಸದ ಒಳಗಡೆ ಏನಿದೆ ಎಂಬುದು ಕತ್ತಲೆಯಾಗಿಯೇ ಇದ್ದಿತು. ಮೆದುಳಿನಿಂದ ನರಗಳ ಕೊಳವೆಯಲ್ಲಿ ಹರಿದುಬರುವ ಪ್ರಾಣವಾಯುವಿನಂತಹ ಸೂಕ್ಷ್ಮದ್ರವ್ಯವೊಂದು ಸ್ನಾಯುವನ್ನು ಉಬ್ಬಿಸುತ್ತದೆಂದು ಪ್ರಾಚೀನರೂ ಡೇಕಾರ್ಟನೂ ನಂಬಿದರು. ಕ್ರೂನನ ಕುದಿತವು ಅದೇ ನಂಬಿಕೆಯ ರಾಸಾಯನಿಕ ರೂಪ.

ಆ ನಂಬಿಕೆಯನ್ನು ಅಲುಗಿಸಿದವರು ಅವನ ಸಮಕಾಲೀನರೇ. ಕೋಪನ್‌ಹೇಗನ್ನಿನ ನೀಲ್ಸ್ ಸ್ಟೆನ್ಸನ್, ಲ್ಯಾಟಿನಿನಲ್ಲಿ ಸ್ಟೆನೋ ಎಂದು ಪ್ರಸಿದ್ಧನಾದವನು, ಫ್ರಾನ್ಸಿನ ಮಾಂಟ್‌ಪೆಲಿಯೆ ನಗರದಲ್ಲಿ ಕ್ರೂನನನ್ನು ಭೇಟಿಯಾಗಿದ್ದವನೂ ಹೌದು. 1667ರಲ್ಲಿ ಫ್ಲಾರೆನ್ಸಿನಲ್ಲಿ ಹೊರಬಂದ ಅವನ ಗ್ರಂಥದಲ್ಲಿ ಸ್ನಾಯುವನ್ನು ರೇಖಾಗಣಿತದಿಂದ ವಿವರಿಸಲಾಗಿದೆ: ಸಮಾನಾಂತರವಾಗಿ ಓರೆಯಾಗಿ ಜೋಡಿಸಿಟ್ಟ ಎಳೆಗಳು ಮೊಟಕಾದಾಗ ಕೋನಗಳು ಬದಲಾಗಿ ಸ್ನಾಯು ದಪ್ಪವಾದಂತೆ ಕಾಣುವುದೇ ಹೊರತು, ಹೊರಗಿನಿಂದ ಯಾವ ದ್ರವ್ಯವೂ ಬಂದು ತುಂಬಬೇಕಾದ ಅವಶ್ಯಕತೆಯಿಲ್ಲ. ಹೃದಯವು ಸ್ನಾಯುವೇ ಹೊರತು ಬೇರೇನೂ ಅಲ್ಲವೆಂದು ಸಾರಿದವನೂ ಇವನೇ. ಇಚ್ಛೆಗೆ ಒಳಪಡದೆ ಬಡಿಯುವ ಅಂಗವನ್ನು ಸ್ನಾಯುವೆಂದು ಕರೆಯಲು ಗೇಲನ್ ಒಪ್ಪಿರಲಿಲ್ಲ. ಹಾಲೆಂಡಿನ ಸ್ವಾಮರ್‌ಡ್ಯಾಂ ಕಪ್ಪೆಯ ಸ್ನಾಯುವೊಂದನ್ನು ಗಾಜಿನ ನಳಿಗೆಯಲ್ಲಿಟ್ಟು, ನಳಿಗೆಯ ಕಿರುಬಾಯಲ್ಲಿ ಒಂದು ತೊಟ್ಟು ನೀರನ್ನು ನಿಲ್ಲಿಸಿ, ನರವನ್ನು ಕೆರಳಿಸಿದನು. ಸ್ನಾಯು ಉಬ್ಬುವುದಾದರೆ ಆ ತೊಟ್ಟು ಮೇಲಕ್ಕೇರಬೇಕಾಗಿದ್ದಿತು, ಏರಲಿಲ್ಲ. ಇಂಗ್ಲೆಂಡಿನ ಗ್ಲಿಸನ್ ಬಲಿಷ್ಠನಾದ ಮನುಷ್ಯನ ತೋಳನ್ನೇ ನೀರು ತುಂಬಿದ ಗಾಜಿನ ಪಾತ್ರೆಯಲ್ಲಿಡಿಸಿ, ಅವನು ಮುಷ್ಟಿ ಬಿಗಿದಾಗ ನೀರಿನ ಮಟ್ಟ ಏರದೆ ತುಸು ಇಳಿಯುವುದನ್ನು 1677ರಲ್ಲಿ ವರದಿಮಾಡಿದನು. ಇಷ್ಟು ಸರಳವಾದ ಸಾಧನಗಳಿಂದ ಇಷ್ಟು ಹಿರಿದಾದ ಭ್ರಮೆಯನ್ನು ಒಡೆದ ಉದಾಹರಣೆಗಳು ಶಾಸ್ತ್ರಚರಿತ್ರೆಯಲ್ಲಿ ವಿರಳ. ಆದರೂ ಭ್ರಮೆ ಸಾಯಲಿಲ್ಲ. ಸ್ವಾಮರ್‌ಡ್ಯಾಮನ ಬರಹ ಅವನು ತೀರಿಕೊಂಡು ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಕಳೆದಮೇಲೆಯೇ ಅಚ್ಚಾಯಿತು.

ಒಳಗಡೆಯನ್ನು ಮೊದಲು ಕಂಡವನು ಡೆಲ್ಫ್ಟ್ ನಗರದ ಬಟ್ಟೆ ವ್ಯಾಪಾರಿ ಲೇವನ್‌ಹುಕ್. ತಾನೇ ಉಜ್ಜಿ ಸಾಣೆಹಿಡಿದ ಒಂಟಿ ಮಸೂರದ ಮೂಲಕ ಅವನು ಮಾಂಸದ ಎಳೆಗಳನ್ನು ದಿಟ್ಟಿಸಿ, 1682ರ ಪತ್ರವೊಂದರಲ್ಲಿ, ಎಳೆಯ ಉದ್ದಕ್ಕೂ ಅಡ್ಡವಾಗಿ ಒಂದರ ಪಕ್ಕದಲ್ಲೊಂದು ಒತ್ತಾಗಿ ಬಂದಿರುವ ಗೆರೆಗಳನ್ನು ವರ್ಣಿಸಿದನು. ಇವು ಎಳೆಯನ್ನು ಸುತ್ತಿಕೊಂಡ ಸುರುಳಿಗಳಿರಬೇಕೆಂದು ಅವನು ಭಾವಿಸಿದನು. ವ್ಯಾಖ್ಯಾನದಲ್ಲಿ ತಪ್ಪಿರಬಹುದು, ಕಂಡದ್ದರಲ್ಲಿ ತಪ್ಪಿರಲಿಲ್ಲ. ಆ ಅಡ್ಡಗೆರೆಗಳ ಅರ್ಥ ಬಿಡಿಸಲು ಮುಂದೆ ಇನ್ನೂರ ಎಪ್ಪತ್ತು ವರ್ಷಗಳಿಗೂ ಮಿಗಿಲಾದ ಕಾಲ ಹಿಡಿಯಿತು.

ಪಾನಗೃಹದ ಬಾಡಿಗೆಯಿಂದ ನಡೆದ ಮೊದಲ ಕ್ರೂನಿಯನ್ ಉಪನ್ಯಾಸದ ವರ್ಷ 1738. ಉಪನ್ಯಾಸಕನು ಅಲೆಗ್ಸಾಂಡರ್ ಸ್ಟೂಅರ್ಟ್ ಎಂಬ ಸ್ಕಾಟ್ಲೆಂಡಿನ ವೈದ್ಯ. ತಲೆಯನ್ನು ಕತ್ತರಿಸಿದ ಕಪ್ಪೆಯ ಬೆನ್ನುಹುರಿಯನ್ನು ಸಲಾಕೆಯಿಂದ ಮುಟ್ಟಿದಾಗ ಅದರ ಕಾಲುಗಳು ಎಗರುವುದನ್ನು ತೋರಿಸಿದ ಅವನು, ತೋರಿಸಿದ ಮೇಲೆಯೂ ಹಳೆಯ ರಸಪ್ರವಾಹದ ವಾದವನ್ನೇ ಹಿಡಿದಿದ್ದನು. ಈ ಉಪನ್ಯಾಸಗಳಿಗಾಗಿ ಸೊಸೈಟಿ ಅವನಿಗೆ 1740ರಲ್ಲಿ ಕಾಪ್ಲಿ ಪದಕವನ್ನು ಕೊಟ್ಟಿತು. ಆ ಶತಮಾನದ ಮಧ್ಯದಲ್ಲಿ ನಡೆದ ದೊಡ್ಡ ತಿರುವು ಲಂಡನ್ನಿನಲ್ಲಿ ಆಗಲಿಲ್ಲ. ಗಟಿಂಗೆನ್ನಿನಲ್ಲಿ ಹಾಲರನು 1752ರಲ್ಲಿ, ನೋವನ್ನರಿಯುವ ಗುಣ ನರದ್ದು, ಕೆರಳಿಸಿದೊಡನೆ ಕುಗ್ಗುವ ಗುಣ ಸ್ನಾಯುವಿನ ಸ್ವಂತದ್ದು ಎಂದು ಪ್ರಯೋಗಪೂರ್ವಕವಾಗಿ ಬೇರ್ಪಡಿಸಿದನು. ಸ್ನಾಯುವು ಹೊರಗಿನಿಂದ ತುಂಬಲ್ಪಡುವ ಚೀಲವೆಂಬ ಭಾವನೆ ಅಳಿದು, ತನ್ನದೇ ಶಕ್ತಿಯನ್ನು ಒಳಗಿರಿಸಿಕೊಂಡ ಜೀವಂತ ವಸ್ತುವೆಂಬ ಭಾವನೆ ನೆಲೆಗೊಂಡದ್ದು ಇಲ್ಲಿಂದ ಮುಂದೆ. 1791ರಲ್ಲಿ ಬೊಲೊನ್ಯದ ಗಾಲ್ವಾನಿ ಕಪ್ಪೆಯ ಕಾಲನ್ನು ವಿದ್ಯುತ್ತಿನಿಂದ ಕುಣಿಸಿದ್ದು ಎಲ್ಲರಿಗೂ ತಿಳಿದ ಕಥೆ.

ಕ್ರೂನಿಯನ್ ಪೀಠವನ್ನು ಹದಿನೆಂಟನೆಯ ಶತಮಾನದಲ್ಲಿ ಅಲಂಕರಿಸಿದವರಲ್ಲಿ ಶಸ್ತ್ರವೈದ್ಯ ಜಾನ್ ಹಂಟರನಿಗೆ ಸಮನಾದವರಿಲ್ಲ. 1776ರಿಂದ 1782ರ ವರೆಗೆ ಅವನು ಸ್ನಾಯುಚಲನೆಯನ್ನು ಕುರಿತು ಆರು ಉಪನ್ಯಾಸಗಳನ್ನು ಕೊಟ್ಟನು. ವಿಷಯ ಇನ್ನೂ ಪೂರ್ಣವಾಗಿಲ್ಲವೆಂಬ ಕಾರಣದಿಂದ ಅವನ್ನು ಅಚ್ಚುಮಾಡಲು ಒಪ್ಪಲಿಲ್ಲ. ಇಂತಹ ಸಂಯಮ ಪೂಜ್ಯವಾದುದು. ಅವನ ಭಾವಮೈದುನ ಎವರಾರ್ಡ್ ಹೋಂನಲ್ಲಿ ಆ ಸಂಯಮ ಕಾಣಬರುವುದಿಲ್ಲ. ಹೋಂ ಅನೇಕ ಬಾರಿ ಈ ಉಪನ್ಯಾಸವನ್ನು ಕೊಟ್ಟನು. 1823ರಲ್ಲಿ ಹಂಟರನ ಹಸ್ತಪ್ರತಿಗಳ ದೊಡ್ಡ ರಾಶಿಯನ್ನೇ ಸುಟ್ಟುಹಾಕಿದ ಅಪಕೀರ್ತಿಯೂ ಅವನದೇ. ಕ್ಯೂ ತೋಟದ ಚಿತ್ರಕಾರ ಬವರನು ಸೂಕ್ಷ್ಮದರ್ಶಕದಲ್ಲಿ ನೋಡಿ ಬರೆದ ಚಿತ್ರಗಳನ್ನು ಆಧಾರವಾಗಿಟ್ಟುಕೊಂಡು ಅವನು 1818ರ ಸುಮಾರಿಗೆ, ಸ್ನಾಯುವಿನ ಎಳೆಯೆಂದರೆ ಬಣ್ಣ ಕಳೆದುಕೊಂಡ ರಕ್ತಕಣಗಳು ಸಾಲುಗಟ್ಟಿ ಅಂಟಿಕೊಂಡ ಗೋಲಕಮಾಲೆಯೆಂದು ಸಾರಿದನು. ಅಂದಿನ ಮಸೂರಗಳ ದೋಷದಿಂದ ಪ್ರತಿಯೊಂದು ಸೂಕ್ಷ್ಮವಸ್ತುವಿನ ಅಂಚಿನಲ್ಲಿಯೂ ಬಣ್ಣದ ಉಂಗುರಗಳು ಹುಟ್ಟಿ, ನೋಡಿದಲ್ಲೆಲ್ಲ ಗೋಲಕಗಳು ಕಾಣುತ್ತಿದ್ದವು. ಲೇವನ್‌ಹುಕನ ಒಂಟಿ ಮಸೂರಕ್ಕೆ ಗೋಚರಿಸಿದ್ದ ಅಡ್ಡಗೆರೆಗಳು ಹೀಗೆ ಒಂದು ಶತಮಾನ ಕಳೆದಮೇಲೆ ಕಣ್ಮರೆಯಾದವು.

ಈ ಮಬ್ಬನ್ನು ಹರಿಸಿದವನು ಜೋಸೆಫ್ ಜಾಕ್ಸನ್ ಲಿಸ್ಟರ್ ಎಂಬ ದ್ರಾಕ್ಷಾಮದ್ಯದ ವರ್ತಕ. ಬಣ್ಣದ ಅಂಚನ್ನು ನಿವಾರಿಸುವ ಮಸೂರಗಳ ಜೋಡಣೆಯನ್ನು ಅವನು ತನ್ನ ಬಿಡುವಿನ ವೇಳೆಯಲ್ಲಿ ಸಾಧಿಸಿ, ಹಾಜ್‌ಕಿನ್ ಎಂಬ ವೈದ್ಯನೊಡನೆ 1827ರಲ್ಲಿ ರಕ್ತವನ್ನೂ ದೇಹದ ಅಂಗಾಂಶಗಳನ್ನೂ ಹೊಸದಾಗಿ ನೋಡಿದನು. ಗೋಲಕಗಳು ಎಲ್ಲಿಯೂ ಇರಲಿಲ್ಲ. ಸ್ನಾಯುವಿನ ಮೇಲೆ ಅಡ್ಡಗೆರೆಗಳು ನಿಚ್ಚಳವಾಗಿದ್ದವು. ಶಸ್ತ್ರಚಿಕಿತ್ಸೆಯಲ್ಲಿ ಕ್ರಿಮಿನಾಶಕಗಳನ್ನು ತಂದ ಲಿಸ್ಟರ್ ಇವನ ಮಗ. ತಂದೆಯ ಉಪಕಾರವೂ ಅದಕ್ಕೆ ಕಡಿಮೆಯದಲ್ಲ.

ಅಂತಹ ಮಸೂರವನ್ನು ಹಿಡಿದು ಲಂಡನ್ನಿನ ಕಿಂಗ್ಸ್ ಕಾಲೇಜಿನ ವಿಲಿಯಂ ಬೋಮನ್, ಇನ್ನೂ ಇಪ್ಪತ್ತನಾಲ್ಕು ತುಂಬದ ತರುಣ, 1840ರಲ್ಲಿ ರಾಯಲ್ ಸೊಸೈಟಿಯ ಮುಂದೆ ಇಚ್ಛಾಧೀನ ಸ್ನಾಯುವಿನ ಸೂಕ್ಷ್ಮರಚನೆಯನ್ನು ಕುರಿತ ಪ್ರಬಂಧವನ್ನು ಇರಿಸಿದನು. ಇದನ್ನು ಸ್ವಲ್ಪ ಸಾವಧಾನವಾಗಿ ನೋಡುವುದು ಯುಕ್ತ. ಎಲುಬಿಗೆ ಅಂಟಿಕೊಂಡು ನಮ್ಮ ಇಚ್ಛೆಯಂತೆ ನಡೆಯುವ ಸ್ನಾಯುವನ್ನು, ಉದಾಹರಣೆಗೆ ರಟ್ಟೆಯ ಸ್ನಾಯುವನ್ನು, ಹೊರಗಿನಿಂದ ಒಂದು ಬಲವಾದ ಪೊರೆ ಸುತ್ತಿಕೊಂಡಿರುತ್ತದೆ. ಒಳಗೆ ಹೋದರೆ ಎಳೆಗಳ ಕಟ್ಟುಗಳು, ಒಂದೊಂದು ಕಟ್ಟಿಗೂ ಅದರದರ ಪೊರೆ. ಕಟ್ಟನ್ನು ಬಿಚ್ಚಿದರೆ ಮಿಲಿಮೀಟರಿನ ನೂರರಲ್ಲೊಂದು ಭಾಗದಿಂದ ಹತ್ತರಲ್ಲೊಂದು ಭಾಗದ ವರೆಗೆ ದಪ್ಪವಿರುವ ಎಳೆಗಳು. ಈ ಎಳೆಯೇ ಸ್ನಾಯುತಂತು. ಬೋಮನನು ತಂತುವನ್ನು ಗಾಜಿನ ಮೇಲೆ ಸೂಜಿಯಿಂದ ಬಿಡಿಸುವಾಗ ಕೆಲವೊಮ್ಮೆ ಅದರ ಒಳಗಣ ದ್ರವ್ಯವು ಮುರಿದು ಎರಡು ಕಡೆಗೆ ಸರಿದುಕೊಂಡಿತು. ಆದರೂ ತಂತು ತುಂಡಾಗಲಿಲ್ಲ. ಮುರಿದ ಎರಡು ತುದಿಗಳ ನಡುವೆ ನೀರಿನಷ್ಟು ತಿಳಿಯಾದ ಒಂದು ಕೋಶ ಮಾತ್ರ ಹಿಂಜಿ ತಿರುಚಿಕೊಂಡು ಉಳಿದಿದ್ದಿತು. ತಂತುವನ್ನು ಆದ್ಯಂತವಾಗಿ ಹೊದೆದಿರುವ ಆ ಪೊರೆಗೆ ಅವನಿತ್ತ ಸಾರ್ಕೊಲೆಮ್ಮ ಎಂಬ ಹೆಸರು ಇಂದಿಗೂ ಬಳಕೆಯಲ್ಲಿದೆ. ಒಳಗಿನ ದ್ರವ್ಯವು ಒಮ್ಮೆ ಉದ್ದಕ್ಕೆ ಸೀಳಿ ಇನ್ನೂ ಸೂಕ್ಷ್ಮವಾದ ಉಪತಂತುಗಳಾಗುತ್ತಿದ್ದಿತು, ಇನ್ನೊಮ್ಮೆ ಅಡ್ಡಕ್ಕೆ ಒಡೆದು ತೆಳುವಾದ ಬಿಲ್ಲೆಗಳಾಗುತ್ತಿದ್ದಿತು. ಇದರಿಂದ ಅವನು ತಂತುವು ಎರಡು ದಿಕ್ಕಿನಲ್ಲಿಯೂ ಕ್ರಮಬದ್ಧವಾಗಿ ಜೋಡಿಸಲ್ಪಟ್ಟ ಅತಿಸೂಕ್ಷ್ಮ ಘಟಕಗಳ ರಾಶಿಯೆಂದೂ ಅಡ್ಡಗೆರೆಗಳು ಸುರುಳಿಗಳಲ್ಲವೆಂದೂ ನಿಶ್ಚಯಿಸಿದನು. ಎರಡು ವರ್ಷಗಳ ತರುವಾಯ ಅವನಿಗೆ ರಾಜಪದಕವೂ ಬಂದಿತು, ಆದರೆ ಮೂತ್ರಪಿಂಡವನ್ನು ಕುರಿತ ಬೇರೊಂದು ಪ್ರಬಂಧಕ್ಕಾಗಿ. ಕ್ರೂನನ ಹಣ ಸ್ನಾಯುವಿನ ಈ ಕೆಲಸಕ್ಕೆ ಸಂದಿರಲಿಲ್ಲ. ಅವನ ಕುತೂಹಲವನ್ನು ಒಂದು ಶತಮಾನದಿಂದ ಕಾಪಾಡಿಕೊಂಡು ಬಂದ ಸಭೆಯಲ್ಲಿಯೇ ಅದು ಓದಲ್ಪಟ್ಟಿತು ಎಂಬುದು ನನಗೆ ಅರ್ಥವತ್ತಾಗಿ ತೋರುತ್ತದೆ.

ಎಲ್ಲ ಸ್ನಾಯುವಿಗೂ ಈ ಅಡ್ಡಪಟ್ಟೆಗಳಿಲ್ಲ. ಕರುಳನ್ನು, ಮೂತ್ರಕೋಶವನ್ನು, ಗರ್ಭಾಶಯವನ್ನು, ರಕ್ತನಾಳಗಳ ಗೋಡೆಯನ್ನು, ಕಣ್ಣಿನ ಪಾಪೆಯನ್ನು ಕುಗ್ಗಿಸುವ ಮಾಂಸ, ಚಳಿಗೆ ಮೈನವಿರೇಳಿಸುವ ಚರ್ಮದೊಳಗಿನ ಅಣುಗಾತ್ರದ ಎಳೆ, ಇವೆಲ್ಲ ಪಟ್ಟೆಯಿಲ್ಲದ ನುಣುಪಾದ ಸ್ನಾಯುಗಳು. ನಮ್ಮ ಅಪ್ಪಣೆಗೆ ಕಾಯದೆ ಕೆಲಸಮಾಡತಕ್ಕವು. ಇವೂ ಉದ್ದವಾದ ಪಟ್ಟಿಗಳೆಂದೇ ಬಹುಕಾಲ ತಿಳಿಯಲಾಗಿದ್ದಿತು. 1847ರಲ್ಲಿ ಸ್ವಿಟ್ಸರ್ಲೆಂಡಿನ ಕಲಿಕರ್ ಅವನ್ನು ಬಿಡಿಬಿಡಿಯಾಗಿ ಬೇರ್ಪಡಿಸಿ, ಅವು ನಡುವೆ ದಪ್ಪವಾಗಿ ಎರಡೂ ತುದಿಗಳಲ್ಲಿ ಚೂಪಾದ ಪ್ರತ್ಯೇಕ ಜೀವಕೋಶಗಳೆಂದೂ ಒಂದೊಂದರ ಮಧ್ಯದಲ್ಲಿಯೂ ಉದ್ದನೆಯ ಒಂದು ಕೋಶಕೇಂದ್ರವಿದೆಯೆಂದೂ ತೋರಿಸಿದನು. ರಟ್ಟೆಯ ಒಂದೇ ತಂತುವಿನ ಅಂಚಿನುದ್ದಕ್ಕೂ ನೂರಾರು ಕೋಶಕೇಂದ್ರಗಳು ಸಾಲಾಗಿರುವುದನ್ನು ಕಂಡವರಿಗೆ ಇದು ಬೇರೊಂದು ಜಾತಿಯ ಅಂಗಾಂಶವೆಂಬುದರಲ್ಲಿ ಸಂದೇಹವುಳಿಯಲಿಲ್ಲ. ಅದು ನಿಧಾನವಾಗಿ ಕುಗ್ಗುತ್ತದೆ, ಬಹುಕಾಲ ಕುಗ್ಗಿಯೇ ಇರಬಲ್ಲುದು, ಅಷ್ಟಕ್ಕೆ ಅದು ವೆಚ್ಚಮಾಡುವ ಶಕ್ತಿ ಅತ್ಯಲ್ಪ. ಹಗಲಿರುಳು ರಕ್ತನಾಳಗಳನ್ನು ಬಿಗಿಹಿಡಿದಿರುವ ಕೆಲಸ ರಟ್ಟೆಯ ಸ್ನಾಯುವಿಗೆ ಬಿದ್ದಿದ್ದರೆ ಅದು ಬೇಗನೆ ದಣಿದು ಕೈಬಿಡುತ್ತಿದ್ದಿತು. ಈ ಕಲಿಕರನೇ 1862ರಲ್ಲಿ ಲಂಡನ್ನಿಗೆ ಬಂದು, ಕಪ್ಪೆಯ ಸ್ನಾಯುವಿನಲ್ಲಿ ನರಗಳು ಹೇಗೆ ಕೊನೆಗೊಳ್ಳುತ್ತವೆಂಬುದನ್ನು ಕುರಿತು ಕ್ರೂನಿಯನ್ ಉಪನ್ಯಾಸವನ್ನಿತ್ತನು.

ಹೃದಯದ ಸ್ನಾಯು ಇವೆರಡಕ್ಕೂ ಸೇರದೆ ಎರಡರ ಗುಣವನ್ನೂ ಪಡೆದಿದೆ. ಅದಕ್ಕೆ ರಟ್ಟೆಯ ಸ್ನಾಯುವಿನಂತೆ ಅಡ್ಡಪಟ್ಟೆಯುಂಟು. ಕರುಳಿನ ಸ್ನಾಯುವಿನಂತೆ ಅದು ಇಚ್ಛೆಗೆ ಅಧೀನವಲ್ಲ. ಅದರ ಕೋಶಗಳು ಚಿಕ್ಕವು, ಕವಲೊಡೆದವು. ಒಂದರ ಕವಲು ಮತ್ತೊಂದಕ್ಕೆ ತಾಗಿ ಬಲೆಯಾಗಿ ಹೆಣೆದುಕೊಂಡಿರುತ್ತದೆ. ಕೋಶ ಕೋಶ ಸಂಧಿಸುವೆಡೆಯಲ್ಲಿ ಮೆಟ್ಟಿಲುಮೆಟ್ಟಿಲಾದ ಗೆರೆಗಳಿರುವುದನ್ನು 1866ರಲ್ಲಿ ಎಬರ್ಟ್ ಗುರುತಿಸಿದನು. ಆದರೂ ಹೃದಯವೆಲ್ಲ ಎಲ್ಲಿಯೂ ಗಡಿಯಿಲ್ಲದ ಒಂದೇ ಜೀವದ್ರವ್ಯವೆಂಬ ಅಭಿಪ್ರಾಯ 1954ರಲ್ಲಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕವು ಅದನ್ನು ಅಲ್ಲಗಳೆಯುವ ವರೆಗೂ ಉಳಿದಿದ್ದಿತು. ಹೃದಯದ ಬಡಿತ ನರದಿಂದ ಹುಟ್ಟುವುದೋ ಸ್ನಾಯುವಿನಿಂದಲೇ ಹುಟ್ಟುವುದೋ ಎಂಬ ವಿವಾದದಲ್ಲಿ ಕ್ರೂನಿಯನ್ ಪೀಠದ ಪಾತ್ರ ದೊಡ್ಡದು. ಕೇಂಬ್ರಿಜಿನ ವಾಲ್ಟರ್ ಗ್ಯಾಸ್ಕೆಲ್ 1881ರ ಉಪನ್ಯಾಸದಲ್ಲಿ ಕಪ್ಪೆಯ ಹೃದಯದ ಲಯವನ್ನು ವಿವರಿಸಿದನು. ಅನಂತರ ಆಮೆಯ ಹೃದಯದ ಮೇಲೆ ಪ್ರಯೋಗಗಳನ್ನು ಮುಂದುವರಿಸಿ, ಬಡಿತವು ಸ್ನಾಯುವಿನ ಸ್ವಧರ್ಮವೆಂದೂ ಅದು ಸ್ನಾಯುವಿನಿಂದ ಸ್ನಾಯುವಿಗೆ ಅಲೆಯಾಗಿ ಸಾಗುತ್ತದೆಂದೂ ಸ್ಥಾಪಿಸಿದನು. ಇಚ್ಛೆಗೆ ಒಳಪಡದ್ದು ಸ್ನಾಯುವಲ್ಲವೆಂದ ಗೇಲನನ ಆಕ್ಷೇಪ ಇಲ್ಲಿಗೆ ಪೂರ್ಣವಾಗಿ ಸಮಾಧಾನಗೊಂಡಿತು.

ತಂತುವಿನ ಒಳಗಿರುವ ದ್ರವ್ಯ ಗಟ್ಟಿಯೋ ದ್ರವವೋ ಎಂಬುದೂ ಒಂದು ದೊಡ್ಡ ಚರ್ಚೆಯಾಗಿದ್ದಿತು. ಜರ್ಮನಿಯ ವಿಲ್‌ಹೆಲ್ಮ್ ಕ್ಯೂನೆ ಕಪ್ಪೆಯ ಮಾಂಸವನ್ನು ಹೆಪ್ಪುಗಟ್ಟಿಸಿ ಹಿಂಡಿ, ಅದರ ಮುಖ್ಯವಾದ ಪ್ರೋಟೀನನ್ನು ತೆಗೆದು ಮಯೋಸಿನ್ ಎಂದು ಹೆಸರಿಟ್ಟವನು. ಒಮ್ಮೆ ಅವನು ಜೀವಂತವಾದ ಸ್ನಾಯುತಂತುವನ್ನು ನೋಡುತ್ತಿದ್ದಾಗ, ಅದರೊಳಗೆ ಪರಾವಲಂಬಿಯಾದ ಒಂದು ಅತಿಸಣ್ಣ ಹುಳು ಈಜುತ್ತಿರುವುದು ಕಣ್ಣಿಗೆ ಬಿದ್ದಿತು. ಹುಳು ತಡೆಯಿಲ್ಲದೆ ಮುಂದಕ್ಕೆ ಸಾಗುತ್ತಿದ್ದಿತು. ಅದು ತೂರಿದೆಡೆಯಲ್ಲಿ ಅಡ್ಡಪಟ್ಟೆಗಳು ಚದುರಿ ದಾರಿಬಿಟ್ಟು, ಅದು ಹಾದುಹೋದ ಮೇಲೆ ಹಿಂದೆ ಮತ್ತೆ ಕೂಡಿಕೊಂಡು ಮೊದಲಿನಂತೆಯೇ ಸಾಲಾಗಿ ನಿಲ್ಲುತ್ತಿದ್ದವು. ಗಟ್ಟಿಯಾದ ವಸ್ತುವಿನೊಳಗೆ ಹೀಗೆ ಈಜಲಾಗದು. ಬರಿಯ ದ್ರವವಾಗಿದ್ದರೆ ಪಟ್ಟೆಗಳು ಮರಳಿ ಸಾಲುಗೂಡಲಾರವು. ತಾನು ಆಹಾರಕ್ಕಾಗಿ ತಿರುಗುತ್ತಿದ್ದ ಒಂದು ಕ್ಷುದ್ರಜೀವಿ ಯಾವ ಉಪಕರಣಕ್ಕೂ ಸಾಧ್ಯವಾಗದಿದ್ದ ಸಾಕ್ಷ್ಯವನ್ನು ಕೊಟ್ಟಿತು. ಈ ಕ್ಯೂನೆಯೂ 1888ರಲ್ಲಿ ಕ್ರೂನಿಯನ್ ಉಪನ್ಯಾಸಕನಾದನು.

ಅಡ್ಡಪಟ್ಟೆಗಳ ವಿಚಾರವಾಗಿ ವಿಯೆನ್ನಾದ ಬ್ರ್ಯೂಕೆ 1858ರಲ್ಲಿ ಧ್ರುವೀಕೃತ ಬೆಳಕನ್ನು ಹಾಯಿಸಿ, ಅವು ಎರಡು ಬಗೆಯವೆಂದು ಕಂಡಿದ್ದನು: ಬೆಳಕನ್ನು ಇಬ್ಬಗೆಯಾಗಿ ಮುರಿಯುವ ಪಟ್ಟೆ ಒಂದು, ಹಾಗೆ ಮುರಿಯದ ಪಟ್ಟೆ ಇನ್ನೊಂದು, ಒಂದಾದಮೇಲೊಂದು ಸರದಿಯಾಗಿ ಬರುತ್ತವೆ. ಮೊದಲನೆಯದಕ್ಕೆ ‘ಎ’ ಎಂದೂ ಎರಡನೆಯದಕ್ಕೆ ‘ಐ’ ಎಂದೂ ಹೆಸರಾಯಿತು. ‘ಐ’ ಪಟ್ಟೆಯನ್ನು ನಡುವೆ ಸೀಳುವ ಒಂದು ಗೆರೆಗೆ ‘ಜೆಡ್’ ಎಂದು ಹೆಸರು. ಒಂದು ಗೆರೆಯಿಂದ ಮುಂದಿನ ಗೆರೆಯ ವರೆಗಿನ ಭಾಗವೇ ಸ್ನಾಯುವಿನ ಮೂಲಘಟಕವಾದ ಸಾರ್ಕೊಮಿಯರ್. ಅದರ ಉದ್ದ ಮಿಲಿಮೀಟರಿನ ಸಾವಿರದಲ್ಲಿ ಎರಡೂವರೆ ಭಾಗಕ್ಕೆ ಸಮೀಪವಾದುದು. ಹತ್ತೊಂಬತ್ತನೆಯ ಶತಮಾನದ ಸೂಕ್ಷ್ಮದರ್ಶಿಗಳು, 1895ರಲ್ಲಿ ಕ್ರೂನಿಯನ್ ಪೀಠವೇರಿದ ಎಂಗಲ್‌ಮನ್ ಮೊದಲಾದವರು, ಈ ಪಟ್ಟೆಗಳನ್ನು ಕೂದಲು ಸೀಳುವಷ್ಟು ಸೂಕ್ಷ್ಮವಾಗಿ ಪರೀಕ್ಷಿಸಿದರು. ಸ್ನಾಯು ಕುಗ್ಗಿದಾಗ ‘ಎ’ ಪಟ್ಟೆಯ ಅಗಲ ಬದಲಾಗುವುದಿಲ್ಲ, ‘ಐ’ ಪಟ್ಟೆಯೊಂದೇ ಕಿರಿದಾಗುತ್ತದೆ ಎಂಬ ಮಹತ್ತ್ವದ ಸಂಗತಿಯೂ ಅಂದಿನ ಕೆಲವರ ದೃಷ್ಟಿಗೆ ಬಿದ್ದಿದ್ದಿತು. ಹೀಗಿದ್ದೂ, ಇಪ್ಪತ್ತನೆಯ ಶತಮಾನ ಕಾಲಿಡುತ್ತಿದ್ದಂತೆ ಅದು ಪಠ್ಯಪುಸ್ತಕಗಳಿಂದ ಮಾಯವಾಯಿತು. ಶಾಸ್ತ್ರಜ್ಞರ ಗಮನವೆಲ್ಲ ರಸಾಯನದ ಕಡೆಗೂ ಶಾಖದ ಅಳತೆಯ ಕಡೆಗೂ ತಿರುಗಿ, ಮಸೂರದ ಮುಂದೆ ಕುಳಿತು ಸ್ನಾಯುವನ್ನು ನೋಡುವುದು ಹಳೆಯ ಕಾಲದವರ ಹವ್ಯಾಸವೆನಿಸಿಕೊಂಡಿತು. ಜ್ಞಾನವು ಒಮ್ಮೆ ದೊರೆತರೆ ಸಾಕು, ಅದು ತಾನಾಗಿ ಉಳಿಯುತ್ತದೆಂದು ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ಲೇವನ್‌ಹುಕನ ಗೆರೆಗಳು ಒಂದು ಬಾರಿ, ಈ ‘ಎ’ ಪಟ್ಟೆಯ ಸಂಗತಿ ಇನ್ನೊಂದು ಬಾರಿ, ಹೀಗೆ ಒಂದೇ ವಿಷಯದಲ್ಲಿ ಎರಡು ಸಲ ಕಂಡದ್ದು ಕಳೆದುಹೋದುದನ್ನು ನೋಡಿದರೆ ಆ ಭಾವನೆ ಎಷ್ಟು ದುರ್ಬಲವೆಂಬುದು ತಿಳಿಯುತ್ತದೆ.

ಆ ನಡುಗಾಲದ ಸಾಧನೆಗಳನ್ನು ಕೀಳುಗಳೆಯುವಂತಿಲ್ಲ. ಎ. ವಿ. ಹಿಲ್ ಕಪ್ಪೆಯ ತೊಡೆಯ ತೆಳ್ಳನೆಯ ಸ್ನಾಯು ಒಮ್ಮೆ ಅದುರಿದಾಗ ಏರುವ ಶಾಖವನ್ನು, ಒಂದು ಡಿಗ್ರಿಯ ಸಾವಿರದಲ್ಲಿ ಮೂರು ಭಾಗದಷ್ಟನ್ನು, ಅಳೆದು ನೊಬೆಲ್ ಬಹುಮಾನವನ್ನು ಪಡೆದನು. 1926ರ ಅವನ ಕ್ರೂನಿಯನ್ ಉಪನ್ಯಾಸಕ್ಕೆ ಸ್ನಾಯುಚಲನೆಯ ನಿಯಮಗಳೇ ವಿಷಯ. ಎರಡನೆಯ ಮಹಾಯುದ್ಧದ ದುರ್ದಿನಗಳಲ್ಲಿ, ಹಂಗೇರಿಯ ಸೆಗೆಡ್ ನಗರದಲ್ಲಿ, ಹೊರಜಗತ್ತಿನ ಸಂಪರ್ಕವಿಲ್ಲದೆ ದುಡಿಯುತ್ತಿದ್ದ ಸೆಂಟ್-ಜೋರ್ಜಿಯ ಸಂಗಡಿಗರು, ಕ್ಯೂನೆಯ ಮಯೋಸಿನ್ ಎಂಬುದು ಒಂದೇ ವಸ್ತುವಲ್ಲವೆಂದು ಕಂಡುಕೊಂಡರು. 1942ರಲ್ಲಿ ಸ್ಟ್ರಾಬ್ ಅದರ ಜೊತೆಯ ಪ್ರೋಟೀನನ್ನು ಬೇರ್ಪಡಿಸಿದನು, ಅದೇ ಆಕ್ಟಿನ್. ಎರಡನ್ನೂ ಕೂಡಿಸಿ ಎಳೆದ ದಾರಕ್ಕೆ, ಕುದಿಸಿದ ಮಾಂಸದ ರಸವನ್ನು ಸೇರಿಸಿದೊಡನೆ, ದೇಹದಿಂದ ಬೇರೆಯಾದ ಆ ನಿರ್ಜೀವ ದಾರ ಗಾಜಿನ ತಟ್ಟೆಯಲ್ಲಿ ಕುಗ್ಗಿಹೋಯಿತು. ಜೀವದ ಅತ್ಯಂತ ಪ್ರತ್ಯಕ್ಷ ಲಕ್ಷಣವೆನಿಸಿದ ಚಲನೆಯನ್ನು ಜೀವವಿಲ್ಲದ ಪದಾರ್ಥದಲ್ಲಿ ಕಂಡ ಆ ಗಳಿಗೆಯನ್ನು ತನ್ನ ಬಾಳಿನ ಅತ್ಯಂತ ರೋಮಾಂಚಕವಾದ ಗಳಿಗೆಯೆಂದು ಸೆಂಟ್-ಜೋರ್ಜಿ ಮುಂದೆ ನೆನೆಯುತ್ತಿದ್ದನು.

ಪ್ರೋಟೀನುಗಳು ದೊರೆತವು, ಪಟ್ಟೆಗಳು ಕಂಡಿದ್ದವು; ಇವೆರಡಕ್ಕೂ ಸಂಬಂಧ ಕೂಡಿಬರಬೇಕಾಗಿದ್ದಿತು. 1954ರ ಮೇ 22ರ ‘ನೇಚರ್’ ಪತ್ರಿಕೆಯಲ್ಲಿ ಒಂದರ ಹಿಂದೆ ಒಂದಾಗಿ ಎರಡು ಪ್ರಬಂಧಗಳು ಹೊರಬಂದವು. ಒಂದನ್ನು ಬರೆದವರು ಕೇಂಬ್ರಿಜಿನ ಆಂಡ್ರೂ ಹಕ್ಸ್ಲಿ ಮತ್ತು ನೀಡರ್‌ಗರ್ಕೆ. ಮತ್ತೊಂದನ್ನು ಅಮೆರಿಕದಲ್ಲಿದ್ದ ಹ್ಯೂ ಹಕ್ಸ್ಲಿ ಮತ್ತು ಜೀನ್ ಹ್ಯಾನ್ಸನ್. ಹಕ್ಸ್ಲಿಯರಿಬ್ಬರೂ ಬಂಧುಗಳಲ್ಲ. ಆಂಡ್ರೂ ತಾನೇ ರೂಪಿಸಿಕೊಂಡ ವಿಶೇಷ ಸೂಕ್ಷ್ಮದರ್ಶಕದಲ್ಲಿ ಕಪ್ಪೆಯ ಜೀವಂತವಾದ ಒಂಟಿ ತಂತುವನ್ನಿಟ್ಟು, ಅದು ಕುಗ್ಗುವಾಗ ‘ಎ’ ಪಟ್ಟೆ ಹಾಗೆಯೇ ಇದ್ದು ‘ಐ’ ಪಟ್ಟೆ ಕಿರಿದಾಗುವುದನ್ನು ಅಳೆದನು. ಮರೆತುಹೋದ ಸಂಗತಿ ಮರಳಿ ಕೈಸೇರಿತು. ಹ್ಯೂ ಮತ್ತು ಹ್ಯಾನ್ಸನ್ ಮೊಲದ ಸ್ನಾಯುವಿನ ಉಪತಂತುಗಳನ್ನು ತೆಗೆದುಕೊಂಡು, ಅವುಗಳೊಳಗಿನ ಮಯೋಸಿನನ್ನು ಉಪ್ಪಿನ ದ್ರಾವಣದಿಂದ ತೊಳೆದುಹಾಕಿದರು. ನೋಡುತ್ತಿದ್ದಂತೆಯೇ ‘ಎ’ ಪಟ್ಟೆಯ ಕಪ್ಪು ಅಳಿಸಿಹೋಗಿ, ‘ಜೆಡ್’ ಗೆರೆಗಳೂ ಅವುಗಳಿಂದ ಎರಡೂ ಕಡೆಗೆ ಚಾಚಿದ ಮಸುಕಾದ ಎಳೆಗಳೂ ಮಾತ್ರ ಉಳಿದವು. ಹಾಗಾದರೆ ದಪ್ಪನೆಯ ಎಳೆಗಳು ಮಯೋಸಿನಿನವು, ಅವುಗಳ ಜಾಗವೇ ‘ಎ’ ಪಟ್ಟೆ. ತೆಳ್ಳನೆಯ ಎಳೆಗಳು ಆಕ್ಟಿನಿನವು, ‘ಜೆಡ್’ ಗೆರೆಯಲ್ಲಿ ಬೇರೂರಿದವು. ಸ್ನಾಯು ಕುಗ್ಗುವಾಗ ಯಾವ ಎಳೆಯೂ ಕುಗ್ಗುವುದಿಲ್ಲ. ತೆಳ್ಳನೆಯವು ದಪ್ಪನೆಯವುಗಳ ನಡುವೆ ಇನ್ನಷ್ಟು ಒಳಕ್ಕೆ ಜಾರುತ್ತವೆ, ಅಷ್ಟೆ. ಲಕ್ಷಾಂತರ ಘಟಕಗಳಲ್ಲಿ ಮಿಲಿಮೀಟರಿನ ಸಾವಿರದಲ್ಲೊಂದು ಭಾಗಕ್ಕಿಂತಲೂ ಕಡಿಮೆಯಾದ ಈ ಜಾರುವಿಕೆ ಒಟ್ಟುಗೂಡಿದಾಗ ಮಲ್ಲನು ಎದುರಾಳಿಯನ್ನು ಎತ್ತುತ್ತಾನೆ, ತಾಯಿಯು ಮಗುವನ್ನು ಸೊಂಟಕ್ಕೇರಿಸುತ್ತಾಳೆ. ಉಬ್ಬುವ ಕೋಶಗಳೆಂದ ಕ್ರೂನ್, ಗೋಲಕಗಳೆಂದ ಹೋಂ, ಮಡಚಿಕೊಳ್ಳುವ ಅಣುಗಳೆಂದ ನಂತರದವರು, ಎಲ್ಲರೂ ಸ್ನಾಯುವಿನೊಳಗೆ ಏನೋ ಒಂದು ತನ್ನ ಆಕಾರವನ್ನು ಬದಲಿಸುತ್ತದೆಂದೇ ಹುಡುಕಿದ್ದರು.

ಈ ಹಕ್ಸ್ಲಿಯರಿಬ್ಬರನ್ನೂ ಕ್ರೂನಿಯನ್ ಪೀಠ ತನ್ನ ಬಳಿಗೆ ಕರೆದುಕೊಂಡಿತು. ಆ ಹೊತ್ತಿಗೆ ಉಪನ್ಯಾಸದ ವ್ಯಾಪ್ತಿ ಜೀವಶಾಸ್ತ್ರವೆಲ್ಲವನ್ನೂ ಒಳಗೊಳ್ಳುವಷ್ಟು ಹಿಗ್ಗಿದ್ದಿತು. ಅಧ್ಯಕ್ಷನಿಗೆ ಹೆಚ್ಚು ಉಪಯುಕ್ತವೆಂದು ತೋರಿದ ಬೇರೆ ವಿಷಯಕ್ಕೂ ಉಯಿಲಿನಲ್ಲಿಯೇ ಎಡೆಮಾಡಿಕೊಟ್ಟಿದ್ದಿತು. ಆದರೆ 1967ರಲ್ಲಿ ಆಂಡ್ರೂ ಮಾತನಾಡಿದ್ದು ಪಟ್ಟೆಸ್ನಾಯುವಿನ ಪ್ರಚೋದನೆಯನ್ನು ಕುರಿತು. ನರದ ಸಂದೇಶ ತಂತುವಿನ ಹೊರಮೈಯಲ್ಲಿ ಹರಡಿದ ಕ್ಷಣಾರ್ಧದಲ್ಲಿ ನಡುವಿನ ಉಪತಂತುಗಳೂ ಕುಗ್ಗುವುದು ಹೇಗೆ? ಅತಿಸೂಕ್ಷ್ಮವಾದ ಗಾಜಿನ ಸೂಜಿಯಿಂದ ತಂತುವಿನ ಮೈಯನ್ನು ಒಂದೊಂದು ಬಿಂದುವಿನಲ್ಲಿ ಕೆರಳಿಸುತ್ತ ಹೋದಾಗ, ಕಪ್ಪೆಯಲ್ಲಿ ‘ಜೆಡ್’ ಗೆರೆಯ ಎದುರಿಗಿರುವ ಬಿಂದುಗಳು ಮಾತ್ರ ಉತ್ತರಕೊಟ್ಟವು. ಅಲ್ಲಿಂದ ಒಳಕ್ಕೆ ಕೊಳವೆಗಳಿವೆ, ಸಂದೇಶ ಆ ದಾರಿಯಲ್ಲಿ ಇಳಿಯುತ್ತದೆ. 1970ರಲ್ಲಿ ಹ್ಯೂ ಮಾತನಾಡಿದ್ದು ಸಂಕೋಚನದ ರಚನಾಮೂಲವನ್ನು ಕುರಿತು: ದಪ್ಪನೆಯ ಎಳೆಗಳಿಂದ ಹೊರಚಾಚಿದ ಮಯೋಸಿನಿನ ತಲೆಗಳು ತೆಳ್ಳನೆಯ ಎಳೆಯನ್ನು ಹಿಡಿದು, ಬಾಗಿ ಎಳೆದು, ಬಿಟ್ಟು, ಮತ್ತೆ ಮುಂದೆ ಹಿಡಿಯುವ ಕ್ರಮವನ್ನು ಅವನು ವಿವರಿಸುತ್ತಿದ್ದನು. ಎರಡು ಉಪನ್ಯಾಸಗಳೂ 1971ರಲ್ಲಿ ಸೊಸೈಟಿಯ ನಡವಳಿಗಳ ಒಂದೇ ಸಂಪುಟದಲ್ಲಿ ಅಚ್ಚಾದವು. ಹೃದಯದ ಪಟ್ಟೆಗಳಿಗೂ ಇದೇ ವಿವರಣೆ ಸಲ್ಲುತ್ತಿದ್ದಿತು. ಪಟ್ಟೆಯಿಲ್ಲದ ಸ್ನಾಯುವಿನಲ್ಲಿ ಅದೇ ಮಯೋಸಿನ್, ಅದೇ ಆಕ್ಟಿನ್ ಇದ್ದರೂ ಸಾಲುಗಟ್ಟಿ ನಿಂತ ಘಟಕಗಳಿಲ್ಲ. ಓರೆಯಾಗಿ ಹರಡಿದ ಆ ಎಳೆಗಳು ಕೋಶದ ಗೋಡೆಯನ್ನು ಎಲ್ಲೆಲ್ಲಿ ಹಿಡಿದು ಜಗ್ಗುತ್ತವೆಂಬುದನ್ನು ಬಿಡಿಸುವ ಕೆಲಸ ಮುಂದಿನವರ ಪಾಲಿಗೆ ಬಂದಿತು.